ನೀರು ತುಂಬುವ ಪಾಳಿ

1984ರಲ್ಲಿ, ಒಂಬತ್ತನೆಯ ಇಯತ್ತೆ ಅರ್ಧಕ್ಕೆ ಬಂದಾಗ, ನಾನು ಸಾಲಿ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ತಿರುವಿಗೆ ಒಂದು ಬಸ್ ಗ್ಯಾರೇಜು ಇತ್ತು. ಸಾಲಿಗೆ ಹೋಗುವ ದಾರಿಯೇ ಅದು. ಎಂಜಿನ್ ಬಿಚ್ಚಿ ಹರವಿಡುವುದನ್ನು ನೋಡುತ್ತ ದಿನಾ ಅಲ್ಲಿ ನಿಲ್ಲುತ್ತಿದ್ದವನು ಒಂದು ದಿನ ಪಾಟಿಚೀಲವನ್ನು ಬಾಗಿಲ ಮೊಳೆಗೆ ತೂಗುಹಾಕಿ ಒಳಗೆ ಹೋದೆ. ಅಲ್ಲಿಂದ ಮುಂದೆ ಕಲಿತದ್ದೆಲ್ಲ ಕೈಯಿಂದ ಕಲಿತದ್ದು.

ಹುಬ್ಬಳ್ಳಿ, ಮಸ್ಕತ್ ಸೇರಿ ಇಪ್ಪತ್ತು ವರ್ಷ, ಆಮೇಲೆ ಆಸ್ಟ್ರೇಲಿಯಾ. ಸಿಡ್ನಿಯ ಪಶ್ಚಿಮದ ಬಸ್ ಡಿಪೋ ಒಂದರಲ್ಲಿ ಡೀಸೆಲ್ ಮೆಕ್ಯಾನಿಕ್ ಆಗಿ ಸೇರಿ ಏಳನೆಯ ವರ್ಷಕ್ಕೆ ಫೋರ್‌ಮನ್ ಆದೆ. ಕಾಲೇಜು ಓದಿದ ಹುಡುಗರು ನನ್ನ ಕೈಕೆಳಗೆ ಬಂದು ನಿಂತರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ, ಜಂಬಕ್ಕೇ ಹೇಳುತ್ತಿದ್ದೇನೆ.

ಮನೆ ಟೂಂಗಾಬಿಯಲ್ಲಿ. ನನ್ನದು ಬೆಳಗಿನ ಪಾಳಿ, ಐದಕ್ಕೆ ಶುರು, ಒಂದೂವರೆಗೆ ಮುಗಿತಾಯ. ನನ್ನ ಹೆಂಡತಿ ವಯಸ್ಸಾದವರನ್ನು ನೋಡಿಕೊಳ್ಳುವ ಏಜ್ಡ್ ಕೇರ್ ಒಂದರಲ್ಲಿ ಕೆಲಸಕ್ಕಿದ್ದಳು. ಅವಳದು ಮಧ್ಯಾಹ್ನದ ಪಾಳಿ. ಅವಳು ತಿರುಗಿ ಬರುವ ಹೊತ್ತಿಗೆ ನಾನು ಮಲಗಿ ಎರಡು ತಾಸು ಆಗಿರುತ್ತಿತ್ತು. ಮಗಳು ಸಣ್ಣವಳಿದ್ದಾಗ ಇಬ್ಬರಲ್ಲಿ ಒಬ್ಬರು ಮನೆಯಲ್ಲಿರಬೇಕೆಂದು ಹಾಗೆ ಹೊಂದಿಸಿಕೊಂಡಿದ್ದೆವು. ಮಗಳು ದೊಡ್ಡವಳಾದಳು, ಓದಿದಳು, ಮದುವೆಯಾಗಿ ಮೆಲ್ಬರ್ನ್‌ನ ಕ್ರಾನ್‌ಬರ್ನ್‌ಗೆ ಹೋದಳು. ಪಾಳಿ ಮಾತ್ರ ಹಾಗೇ ಉಳಿಯಿತು.

ಇದ್ದದ್ದು ಒಂದೇ ಕಾರು. ಎರಡಕ್ಕೆ ಐದು ನಿಮಿಷ ಇರುವಾಗ ನಾನು ತಂದು ಮನೆ ಮುಂದೆ ನಿಲ್ಲಿಸುತ್ತಿದ್ದೆ. ಅವಳು ಯೂನಿಫಾರ್ಮ್ ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ಸಾರು ಫ್ರಿಜ್ಜಿನಲ್ಲಿದೆ, ಮಗಳು ಫೋನ್ ಮಾಡಿದ್ದಳು, ಹಿಂದಿನ ಲೈಟು ಹೊಸದು ಹಾಕಿದ್ದೇನೆ. ಇಂಥ ನಾಲ್ಕು ಮಾತಾಡಿ ಕೀಲಿ ಕೊಡುವುದು. ಹತ್ತು ನಿಮಿಷ. ಹತ್ತೊಂಬತ್ತು ವರ್ಷ ನಮ್ಮ ಸಂಸಾರದ ಮಾತುಕತೆ ಹೆಚ್ಚಾಗಿ ಈ ಹತ್ತು ನಿಮಿಷದಲ್ಲಿ ನಡೆದದ್ದು.

ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಕಾರು ಬಿಟ್ಟುಕೊಡುವವರು ಪೆಟ್ರೋಲು ನೋಡಬೇಕು, ನೀರಿನ ಬಾಟಲಿ ತುಂಬಿಸಿಡಬೇಕು. ಕಾರು ತೆಗೆದುಕೊಳ್ಳುವವರು ಏನನ್ನೂ ನೋಡುವ ಹಾಗಿಲ್ಲ, ಕೇಳುವ ಹಾಗೂ ಇಲ್ಲ. ಸುಮ್ಮನೆ ಕೂತು ಹೋಗುವುದು. ಇದರಲ್ಲಿ ಅವಳೂ ತಪ್ಪಲಿಲ್ಲ, ನಾನೂ ತಪ್ಪಲಿಲ್ಲ. ಬೇರೆ ಗಂಡ ಹೆಂಡತಿ ದಿನವಿಡೀ ಕೂಡಿದ್ದು ಜಗಳಾಡುತ್ತಾರೆ, ನಮ್ಮನ್ನು ನೋಡಿ ಕಲಿಯಬೇಕು ಎಂದು ಡಿಪೋದಲ್ಲಿ ಹೇಳಿಕೊಂಡಿದ್ದೂ ಉಂಟು.

ಕಳೆದ ವರ್ಷ ಒಂದು ಬುಧವಾರ, ಕೀಲಿ ಕೊಡುವ ಹೊತ್ತಿನಲ್ಲೇ, ಅವಳು ಆ ಮಾತು ಹೇಳಿದಳು. ಮಗಳು ಬಸುರಿ, ನಾಲ್ಕು ತಿಂಗಳು ನಡೆಯುತ್ತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿರದಿದ್ದದ್ದು ಇದು:

“ಕ್ರಾನ್‌ಬರ್ನ್‌ದಾಗ ನಂಗ ಕೆಲಸ ಸಿಕ್ಕೇತಿ. ಜುಲೈದಾಗ ಹೋಗಾಕಿ. ನೀವು ಬರ್ತೀರೋ ಇಲ್ಲೋ, ವಿಚಾರ ಮಾಡ್ರಿ.”

ಎಲ್ಲಿ ಇರುವುದು ಎಂದು ಕೇಳಿದೆ. ಮಗಳು, ಅಳಿಯ ಮನೆಯ ಹಿಂದೆ ಒಂದು ಗ್ರ್ಯಾನಿ ಫ್ಲ್ಯಾಟ್ ಕಟ್ಟಿಸಿದ್ದಾರೆ, ಸದ್ಯಕ್ಕೆ ಅಲ್ಲೇ ಎಂದಳು. ನನಗೆ ಮೈಯೆಲ್ಲ ಉರಿಯಿತು. ನಮ್ಮಪ್ಪ ನಮ್ಮಕ್ಕನ ಮನೆಗೆ ಹೋದರೆ ಒಂದು ಕಪ್ಪು ಚಹಾ ಸಹ ಕುಡಿಯದೆ ಎದ್ದು ಬರುತ್ತಿದ್ದ. ಅಕ್ಕನಿಗೆ ಮಗುವಾದ ಮೇಲೆ, ಅದರ ತೊಟ್ಟಿಲ ದಿನ, ಮೊದಲ ತುತ್ತು ಉಂಡ. ಅದೂ ಒಂದು ಸೀರೆ, ಒಂದು ಚೀಲ ಜೋಳ ಕೊಟ್ಟ ಮೇಲೆ. ಆ ಮನುಷ್ಯನ ಮಗ ನಾನು. ಹೋಗಿ ಅಳಿಯನ ಹಿತ್ತಲಲ್ಲಿ ಕೂರಬೇಕೇನು? ಅಲ್ಲಿಯ ಯಾವುದೋ ಡಿಪೋದಲ್ಲಿ ಮತ್ತೆ ಸ್ಪ್ಯಾನರ್ ಹಿಡಿದು, ಮಗಳ ವಯಸ್ಸಿನವರಿಂದ ಹೇಳಿಸಿಕೊಳ್ಳಬೇಕೇನು? ಇಷ್ಟನ್ನೂ ನಾನು ಬಾಯಿಬಿಟ್ಟು ಹೇಳಲಿಲ್ಲ. ನೀ ಹೋಗು, ನಾ ಇಲ್ಲೇ ಇರ್ತೀನಿ, ತಿಂಗಳಿಗೊಮ್ಮೆ ಬಂದು ಹೋಗ್ತೀನಿ ಎಂದಷ್ಟೇ ಹೇಳಿದೆ.

ಅವಳು ಏನೂ ಅನ್ನಲಿಲ್ಲ. ಸೀಟು ಮುಂದಕ್ಕೆ ಎಳೆದುಕೊಂಡು ಹೋದಳು. ಅರ್ಧ ತಾಸಿನ ಮೇಲೆ ಕೆಲಸದ ಜಾಗದಿಂದ ಫೋನ್ ಬಂತು. ನಮೀಬಿಯಾಕ್ಕೆ ಇಬ್ಬರಿಗೂ ಟಿಕೆಟ್ ತೆಗೆದಿದ್ದೇನೆ, ಹನ್ನೆರಡು ದಿನ, ರಜೆ ಹಾಕಿರಿ ಎಂದಳು. ನನ್ನ ಉತ್ತರವನ್ನು ಅಲ್ಲಿಂದ ತಿರುಗಿ ಬರುವುದರೊಳಗೆ ಹೇಳಬೇಕಂತೆ.

ನಮೀಬಿಯಾ ಯಾಕೆ ಎಂದರೆ ಅದಕ್ಕೊಂದು ಕಾರಣವಿತ್ತು. ಅವಳು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದ ಮುದುಕಿಯೊಬ್ಬಳು ಅಲ್ಲಿ ಹುಟ್ಟಿ ಬೆಳೆದವಳು. ಈಗ ಕಣ್ಣು ಪೂರಾ ಹೋಗಿವೆ. ಸಾಯಂಕಾಲ ತಲೆ ಬಾಚುವಾಗ ದಿನಾ ಒಂದೇ ದಾರಿಯ ಕಥೆ ಹೇಳುತ್ತಿದ್ದಳಂತೆ: ಮರಳುಗಾಡಿನ ನಡುವೆ ಹೋಗುವ ಮಣ್ಣಿನ ದಾರಿ, ಬಿಸಿಲಿಗೆ ತಲೆ ಸಿಡಿಯುತ್ತಿರುವಾಗಲೇ ಎದುರಿಂದ ಬರುವ ತಣ್ಣನೆಯ ಮಂಜು, ಆ ಮಂಜಿನ ಒಳಗೆ ಸಮುದ್ರ. ಕೇಳಿ ಕೇಳಿ ನನ್ನ ಹೆಂಡತಿಗೆ ಆ ದಾರಿ ಬಾಯಿಪಾಠವಾಗಿತ್ತು. ಬರೀ ಉಸುಕು ನೋಡಲು ಅಷ್ಟು ದೂರ ಯಾಕೆ, ಆಸ್ಟ್ರೇಲಿಯಾದಲ್ಲೇ ಬ್ರೋಕನ್ ಹಿಲ್‌ನ ಒಣ ಬಯಲ ಕಡೆ ಹೋದರೆ ಸಾಲದೇ ಎಂದು ಕೇಳಿದ್ದಕ್ಕೆ, “ಆ ಅಜ್ಜಿ ಬ್ರೋಕನ್ ಹಿಲ್‌ದಾಕಿ ಅಲ್ಲ” ಎಂದಳು.

ಮೇ ತಿಂಗಳಲ್ಲಿ ಹೋದೆವು. ವಿಂಡ್‌ಹುಕ್ ಊರಲ್ಲಿ ಬಾಡಿಗೆಗೆ ಒಂದು ಡಬಲ್ ಕ್ಯಾಬ್ ಪಿಕಪ್ ತೆಗೆದುಕೊಂಡೆವು. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು. ಗಾಡಿ ಕೊಡುವ ಹುಡುಗಿ ಎರಡು ಮಾತು ಒತ್ತಿ ಹೇಳಿದಳು. ಮಣ್ಣಿನ ದಾರಿಗೆ ಇಳಿದ ಕೂಡಲೇ ಟೈರಿನ ಗಾಳಿ ಕಡಿಮೆ ಮಾಡಿ. ಎರಡನೆಯ ಸ್ಟೆಪ್ನಿ ಒಯ್ಯಿರಿ, ಅದಕ್ಕೆ ಬಾಡಿಗೆ ಇಲ್ಲ. ನಾನು ನಕ್ಕೆ. ನಲವತ್ತು ವರ್ಷ ಚಕ್ರದ ಕೆಳಗೇ ಬದುಕಿದವನಿಗೆ ಈ ಹುಡುಗಿ ಗಾಳಿಯ ಪಾಠ ಹೇಳುತ್ತಾಳಲ್ಲ ಎಂದು. ಗಾಳಿ ಕಡಿಮೆ ಇದ್ದರೆ ಟೈರು ಕಾದು ಸಾಯುತ್ತದೆ. ಇದನ್ನು ಎಷ್ಟು ಡ್ರೈವರುಗಳಿಗೆ ಬೈದು ಹೇಳಿದ್ದೇನೋ ಲೆಕ್ಕವಿಲ್ಲ. ಎರಡನೆಯ ಸ್ಟೆಪ್ನಿ ಬೇಡ ಎಂದೆ. ಊರು ಬಿಡುವಾಗ ಪೆಟ್ರೋಲ್ ಬಂಕಿನಲ್ಲಿ ನಾಲ್ಕೂ ಟೈರಿಗೆ ಇನ್ನಷ್ಟು ಗಾಳಿ ಹೊಡೆಸಿದೆ.

ಮೊದಲ ಎರಡು ದಿನ ನಮಗೆ ಕೂಡಿ ಕೂರುವುದೇ ತಿಳಿಯಲಿಲ್ಲ. ಹತ್ತು ನಿಮಿಷದ ಮಾತು ಮುಗಿದ ಮೇಲೆ ಮುಂದೇನು? ಅವಳು ಫ್ರಿಜ್ಜು, ಫೋನು, ಬಿಲ್ಲು ಎಲ್ಲ ಹೇಳಿ ಮುಗಿಸಿದಳು. ನಾನು ಗಾಡಿಯ ಎಂಜಿನ್ನಿನ ಬಗ್ಗೆ ಹೇಳಿ ಮುಗಿಸಿದೆ. ಆಮೇಲೆ ಇನ್ನೂರು ಕಿಲೋಮೀಟರು ದಾರಿ ಉಳಿದಿತ್ತು. ಎರಡು ಗಂಟೆ ಹೊಡೆಯಿತೆಂದರೆ ಅವಳು ತಾನಾಗಿ ಚುರುಕಾಗುತ್ತಿದ್ದಳು, ಕೂದಲು ಕಟ್ಟಿಕೊಂಡು ನೆಟ್ಟಗೆ ಕೂರುತ್ತಿದ್ದಳು. ನನಗೆ ಅದೇ ಹೊತ್ತಿಗೆ ಆಕಳಿಕೆ. ಬೆಳಿಗ್ಗೆ ನಾಲ್ಕಕ್ಕೆ ನಾನೆದ್ದು ಹೊರಗೆ ಕೂತರೆ ಅವಳದು ಅರ್ಧ ನಿದ್ದೆ.

ಮೂರನೆಯ ದಿನ ಬದಲಾಯಿತು. ಅವಳು ಕಿತ್ತಳೆ ಸುಲಿದು ಒಂದೊಂದೇ ತೊಳೆಯನ್ನು, ಬೀಜ ತೆಗೆದು, ನಾನು ಕೇಳದೆ ನನ್ನ ಕೈಗಿಡಲು ಶುರು ಮಾಡಿದಳು. ದೂರದಲ್ಲಿ ಉದ್ದ ಕೊಂಬಿನ ಓರಿಕ್ಸ್ ಜಿಂಕೆ ನಿಂತಿರುವುದನ್ನು ನನಗಿಂತ ಮೊದಲು ಅವಳು ನೋಡಿದಳು. ಅಷ್ಟು ದೂರದ್ದು ಹೇಗೆ ಕಂಡಿತು ಎಂದರೆ, ಕನ್ನಡಕ ಹಾಕೀನಲ್ಲ ಎಂದಳು. ಯಾವಾಗಿಂದ ಎಂದು ಕೇಳಿದೆ. ಎರಡು ವರ್ಷವಂತೆ. ದೂರ ನೋಡಲು, ಡ್ರೈವ್ ಮಾಡುವಾಗ ಮಾತ್ರ ಹಾಕುವುದಂತೆ. ನಾನು ಅವಳು ಡ್ರೈವ್ ಮಾಡುವುದನ್ನು ನೋಡಿ ಎಷ್ಟು ವರ್ಷವಾಗಿತ್ತು? ಯಾವಾಗಲೂ ಒಬ್ಬರು ಇಳಿದ ಮೇಲೆಯೇ ಇನ್ನೊಬ್ಬರು ಹತ್ತುತ್ತಿದ್ದದ್ದು. ನಾನು ಗಾಡಿ ನಿಲ್ಲಿಸಿ ಅವಳಿಗೆ ಕೊಟ್ಟು, ಪಕ್ಕದಲ್ಲಿ ಕೂತು ಬಂದೆ. ಸಣ್ಣ ಚೌಕಟ್ಟಿನ ಕಂದು ಕನ್ನಡಕ. ಅವಳಿಗೆ ಒಪ್ಪುತ್ತಿತ್ತು. ಹೇಳಬೇಕೆನಿಸಿತು, ಹೇಳಲಿಲ್ಲ.

ಕೆಂಪು ಮರಳಿನ ಗುಡ್ಡಗಳನ್ನು ನೋಡಿದೆವು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ತುದಿಯವರೆಗೆ ಹತ್ತಿದಳು. ನಾನು ಮಂಡಿಯ ನೆಪ ಹೇಳಿ ಅರ್ಧಕ್ಕೆ ಕೂತೆ. ಮೇಲಿಂದ ಅವಳು ಕೈ ಬೀಸಿದಾಗ ಒಂದು ಕ್ಷಣ ಯಾರೋ ಬೇರೆಯವರಂತೆ ಕಂಡಳು. ಮೆಲ್ಬರ್ನ್ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ದಿನ ಎಣಿಸುತ್ತಿದ್ದೆ. ಇನ್ನು ಏಳು, ಇನ್ನು ಆರು. ಹೇಳುವ ಉತ್ತರ ನನ್ನ ಬಳಿ ಒಂದೇ ಇತ್ತು, ಅದನ್ನು ಹೇಳಿದರೆ ಅವಳು ಮತ್ತೆ ಏನೂ ಅನ್ನದೆ ಹೋಗುತ್ತಾಳೆ ಎಂಬುದೂ ಗೊತ್ತಿತ್ತು.

ಏಳನೆಯ ದಿನ ಆ ಅಜ್ಜಿಯ ದಾರಿ. ಗುಡ್ಡಗಳ ಕಡೆಯಿಂದ ಸಮುದ್ರದ ಊರಿಗೆ ಐದಾರು ತಾಸಿನ ಮಣ್ಣಿನ ದಾರಿ, ನಡುವೆ ಒಂದೇ ಪೆಟ್ರೋಲ್ ಬಂಕು. ಹೊರಟ ಸ್ವಲ್ಪ ಹೊತ್ತಿಗೆ ಮೊದಲ ಟೈರು ಹೋಯಿತು. ಚೂಪು ಕಲ್ಲು ಬದಿಯನ್ನೇ ಸೀಳಿತ್ತು. ಹದಿನಾಲ್ಕು ನಿಮಿಷದಲ್ಲಿ ಸ್ಟೆಪ್ನಿ ಹಾಕಿ ಎದ್ದೆ. ಅವಳು ಫೋನಿನಲ್ಲಿ ಟೈಮು ಹಿಡಿದಿದ್ದಳು. ಹದಿನೈದರೊಳಗೆ ಮಾಡಿದ್ದಕ್ಕೆ ನನಗೆ ಒಳಗೊಳಗೇ ಹಿಗ್ಗು.

ಬಂಕಿನಲ್ಲಿ ಇಳಿದೆವು. ಪಕ್ಕದಲ್ಲೇ ಟೈರಿನ ಅಂಗಡಿ, ಅದರ ಮುಂದೆ ನಾಲ್ಕು ಗಾಡಿ ಸಾಲಾಗಿ ನಿಂತಿದ್ದವು. ಸಾಲಿನಲ್ಲಿ ನಿಂತು ಇನ್ನೊಬ್ಬನಿಂದ ಟೈರು ಹಾಕಿಸಿಕೊಳ್ಳುವುದೆಂದರೆ ನನಗೆ ಆಗದ ಮಾತು. ಸಮುದ್ರದ ಊರಲ್ಲಿ ನೋಡೋಣ ಎಂದೆ. ಚಹಾ ಕುಡಿದೆವು, ಮತ್ತೆ ಹತ್ತಿದೆವು. ಅಲ್ಲಿಂದ ಅರವತ್ತು ಕಿಲೋಮೀಟರು ಹೋಗಿರಬೇಕು. ಹಿಂದಿನ ಬಲಗಡೆಯ ಟೈರು ಕುಸಿದು, ಗಾಡಿ ಸೊಂಟ ಮುರಿದ ಎಮ್ಮೆಯ ಹಾಗೆ ಒಂದು ಕಡೆಗೆ ವಾಲಿತು.

ಇಳಿದು ನೋಡಿದೆ. ನಾಲ್ಕೂ ಕಡೆ ಬೂದು ಬಣ್ಣದ ಬಯಲು. ಫೋನಿನಲ್ಲಿ ಸಿಗ್ನಲ್ ಇಲ್ಲ. ಬಾಯಿ ಒಣಗಿತ್ತು. ಹಿಂದಿನ ಬಾಗಿಲು ತೆಗೆದು ನೀರಿನ ಕ್ಯಾನು ಎತ್ತಿದೆ. ಕೈ ಹಗುರವಾಗಿ ಮೇಲೆ ಬಂತು. ಎರಡನೆಯದೂ ಹಾಗೇ. ಹಿಂದಿನ ದಿನ ಅಡುಗೆಗೆ, ಕೈಕಾಲಿಗೆ ಬಳಸಿ ಮುಗಿಸಿದ್ದೆವು. ಕುಡಿಯುವ ಬಾಟಲಿಯಲ್ಲಿ ನಾಲ್ಕು ಬೆರಳು ನೀರಿತ್ತು.

“ನೀರು ತುಂಬಿಸಲಿಲ್ಲೇನ?” ಎಂದೆ.

“ನೀವು ತುಂಬ್ಸೀರಿ ಅಂತ ಮಾಡಿದ್ದೆ.”

“ಬಂಕಿನ್ಯಾಗ ಗಾಡಿ ನಿನ್ನ ಕಡೆ ಇತ್ತಲ್ಲ.”

“ನನ್ನ ಕಡೆ ಯಾವಾಗಿತ್ತರಿ? ಇಬ್ರೂ ಕೂಡೇ ಇಳದೇವಿ, ಕೂಡೇ ಹತ್ತೇವಿ.”

ಬೈಯಬೇಕೆಂದು ಬಾಯಿ ತೆರೆದವನು ಹಾಗೇ ನಿಂತೆ. ಅವಳು ಹೇಳಿದ್ದು ಖರೆ. ಬಿಟ್ಟುಕೊಡುವವರು ತುಂಬಬೇಕು, ತೆಗೆದುಕೊಳ್ಳುವವರು ನೋಡುವ ಹಾಗಿಲ್ಲ. ಕೂಡಿ ಹೋಗುವಾಗ ಬಿಟ್ಟುಕೊಡುವವರು ಯಾರು? ನಮ್ಮ ಹತ್ತೊಂಬತ್ತು ವರ್ಷದ ಕಟ್ಟಳೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವಳು ನನ್ನ ಮುಖ ನೋಡಿ ನಗಲು ಶುರು ಮಾಡಿದಳು. ನನಗೂ ತಡೆಯಲಾಗಲಿಲ್ಲ.

ಗಾಡಿಯ ನೆರಳಿನಲ್ಲಿ ಚಾಪೆ ಹಾಸಿ ಕೂತೆವು. ಯಾರಾದರೂ ಬರುವವರೆಗೆ ಗಾಡಿ ಬಿಟ್ಟು ನಡೆಯಬಾರದು, ಇದನ್ನಂತೂ ನಾನು ಬಲ್ಲೆ. ಹಸಿವಾಯಿತು. ಚೀಲದಲ್ಲಿ ಇದ್ದದ್ದು ಸಿಡ್ನಿಯ ಗಿರಾವೀನ್‌ನಲ್ಲಿ ಧಾರವಾಡ ಕಡೆಯ ಆಂಟಿಯೊಬ್ಬರು ಮಾಡಿಕೊಡುವ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ನೀರಿಲ್ಲದ ಜಾಗದಲ್ಲಿ ಅದಕ್ಕಿಂತ ಕೆಟ್ಟ ಊಟ ಇನ್ನೊಂದಿಲ್ಲ. ಒಂದು ಚೂರು ಮುರಿದು ಬಾಯಿಗಿಟ್ಟೆ. ಹಂಚಿನ ಚೂರು ಅಗಿದ ಹಾಗಾಯಿತು. ನಾಲ್ಕು ಬೆರಳು ನೀರನ್ನು ಅವಳ ಕಡೆ ಸರಿಸಿದೆ, ಅವಳು ನನ್ನ ಕಡೆ ಸರಿಸಿದಳು. ಕೊನೆಗೆ ಅದು ನಡುವೆಯೇ ಉಳಿಯಿತು.

ನೆರಳು ಸರಿದಂತೆ ಚಾಪೆ ಸರಿಸಿಕೊಂಡೆವು. ಆಮೇಲೆ ಅವಳು, ಎದುರಿನ ಬಯಲನ್ನು ನೋಡುತ್ತ, ಕ್ರಾನ್‌ಬರ್ನ್‌ನಲ್ಲಿ ತನ್ನದು ಬೆಳಗಿನ ಪಾಳಿ ಎಂದಳು. ಅವರು ಮಧ್ಯಾಹ್ನದ್ದೇ ಕೊಡುತ್ತೇವೆ, ಪಗಾರ ಹೆಚ್ಚು ಎಂದಿದ್ದರಂತೆ. ಇವಳು ಬೇಡ ಎಂದು ಬೆಳಗಿನದನ್ನು ಕೇಳಿ ತೆಗೆದುಕೊಂಡಿದ್ದಳು.

ಯಾಕೆ ಎಂದು ಕೇಳಿದೆ.

“ನೀವು ಬೆಳಗಿನವರು ಅಂತ.”

ನಾನು ಕುಸಿದ ಟೈರಿನ ಕಡೆ ನೋಡಿದೆ.

“ಬಾಣಂತನ ಎರಡು ತಿಂಗಳ ಮಾತು. ಅಷ್ಟಕ್ಕ ಯಾರರ ಇದ್ದ ಊರು ಬಿಡ್ತಾರೇನ್ರಿ? ನಿಮ್ಮ ಕೂಡ ಕುಂತು ಉಣ್ಣಾಕ ಹೊಂಟೇನಿ ನಾ.”

ಅದನ್ನು ಸಿಡ್ನಿಯಲ್ಲೇ ಮಾಡಬಹುದಿತ್ತಲ್ಲ ಎಂದೆ. ಅವಳು ತಿರುಗಿ ನನ್ನ ಮುಖ ನೋಡಿದಳು. ಮಗಳ ಮದುವೆಯಾದ ವರ್ಷ ತಾನು ಒಂದು ತಿಂಗಳು ಬೆಳಗಿನ ಪಾಳಿ ತೆಗೆದುಕೊಂಡಿದ್ದೆ, ನೆನಪಿದೆಯೇ ಎಂದು ಕೇಳಿದಳು. ನನಗೆ ನೆನಪಿರಲಿಲ್ಲ. ಆ ಇಡೀ ತಿಂಗಳು ನಾನು ದಿನಾ ಸಾಯಂಕಾಲದವರೆಗೆ ಓವರ್‌ಟೈಮ್ ಮಾಡಿದ್ದೆನಂತೆ. ಯಾಕೆ ಎಂದು ಆಗ ಅವಳು ಕೇಳಿದ್ದಳು.

“ಗಾಡಿ ತಗೊಳ್ಳೋರು ಯಾರೂ ಇಲ್ಲ, ಲಗೂ ಮನಿಗೆ ಬಂದು ಏನ ಮಾಡ್ಲಿ ಅಂದ್ರಿ. ಮುಂದಿನ ತಿಂಗಳ ನಾ ತಿರುಗಿ ಮಧ್ಯಾಹ್ನಕ್ಕ ಹೋದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಸಿಟ್ಟಿಗೆ ಸಿಟ್ಟು ಕೊಟ್ಟು ಮುಗಿಸಬಹುದಿತ್ತು. ನಾನು ರೊಟ್ಟಿಯ ಚೂರನ್ನು ಕೈಯಲ್ಲಿ ಹಿಡಿದು, ಅದರ ಮೇಲಿನ ಎಳ್ಳು ಒಂದೊಂದೇ ಬಿಡಿಸುತ್ತ ಕೂತೆ. ಆ ಮಾತು ಆಡಿದ್ದು ನನಗೆ ನೆನಪಿಲ್ಲ, ಆದರೆ ನಾನು ಆಡಿರಬಹುದಾದ ಮಾತು ಅದು. ಅದರಲ್ಲಿ ಅನುಮಾನವಿರಲಿಲ್ಲ.

ಮೂರು ತಾಸಿನ ಮೇಲೆ ದೂರದಲ್ಲಿ ಧೂಳು ಎದ್ದಿತು. ಹತ್ತಿರ ಬರಲು ಅರ್ಧ ತಾಸು ಹಿಡಿಯಿತು, ಯಾಕೆಂದರೆ ಬಂದದ್ದು ಗ್ರೇಡರ್, ಉದ್ದನೆಯ ಬ್ಲೇಡಿನಿಂದ ಮಣ್ಣಿನ ದಾರಿಯನ್ನು ಸಮ ಮಾಡುವ ಯಂತ್ರ. ಅದರ ಹಿಂದೆ ಚಕ್ರದ ಮೇಲಿನ ಒಂದು ಸಣ್ಣ ಮನೆಯನ್ನು ಕಟ್ಟಿ ಎಳೆದು ತರುತ್ತಿದ್ದರು. ಓಡಿಸುತ್ತಿದ್ದವನು ನನ್ನ ವಯಸ್ಸಿನ ಆಸಾಮಿ, ಅರ್ಧ ನೆರೆತ ಗಡ್ಡ. ಇಳಿದವನು ನನ್ನನ್ನು ಏನೂ ಕೇಳಲಿಲ್ಲ. ಮೊದಲು ನನ್ನ ಹೆಂಡತಿಗೆ ಒಂದು ತಂಬಿಗೆಯಷ್ಟು ನೀರು ಕೊಟ್ಟ, ಆಮೇಲೆ ನನಗೆ. ಆಮೇಲೆ ಬಂದು ಟೈರನ್ನು ಬೂಟಿನಿಂದ ಒದ್ದು ನೋಡಿದ. ಬಹಳ ಗಟ್ಟಿ ಎಂದ. ನಗಲಿಲ್ಲ, ಬೈಯಲೂ ಇಲ್ಲ.

ತೂತು ಟೈರಿನ ನಡುಭಾಗದಲ್ಲಿತ್ತು, ಪ್ಲಗ್ ಹಾಕಬಹುದಿತ್ತು. ಅವನ ಬಳಿ ರಬ್ಬರಿನ ಎಳೆ, ಚುಚ್ಚುವ ಸೂಜಿ ಎಲ್ಲ ಇತ್ತು. ನಾನು ಕೈ ಚಾಚಿದೆ, ಅವನು ಸಾಮಾನು ನನ್ನ ಕೈಗಿಟ್ಟು ಸರಿದು ನಿಂತ. ಮಾಡುವ ಕೈಯನ್ನು ಇನ್ನೊಂದು ಕೈ ಗುರುತಿಸುತ್ತದೆ. ಅಷ್ಟರ ಮಟ್ಟಿಗೆ ನನ್ನ ಮಾನ ಉಳಿಯಿತು. ಗ್ರೇಡರಿನ ಕಂಪ್ರೆಸರಿನಿಂದ ಗಾಳಿ ತುಂಬಿದೆವು. ಆಮೇಲೆ ಅವನು ನನ್ನನ್ನು ಕೇಳದೆ, ಒಂದೊಂದೇ ಚಕ್ರದ ಮುಂದೆ ಕೂತು, ಸುಸ್ ಎಂದು ಗಾಳಿ ಬಿಡಲು ಶುರು ಮಾಡಿದ. ಗಟ್ಟಿ ಟೈರಿಗೆ ಕಲ್ಲು ಚುಚ್ಚುತ್ತದೆ, ಮೆತ್ತನೆಯದು ಕಲ್ಲಿನ ಮೇಲೆ ಬಾಗಿ ದಾಟುತ್ತದೆ ಎಂದು ಕೈಯ ಸನ್ನೆಯಲ್ಲೇ ತೋರಿಸಿದ. ಬಾಡಿಗೆಯ ಹುಡುಗಿ ಹೇಳಿದ್ದೂ ಅದನ್ನೇ. ನಾನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದೆ.

ಗ್ಯಾಸಿನ ಒಲೆ ಹಚ್ಚಿ ಚಹಾ ಕೊಟ್ಟ. ಹಾಲಿಲ್ಲದ, ಬಹಳ ಸಿಹಿಯಾದ ಚಹಾ. ನನ್ನ ಹೆಂಡತಿ ಅವನಿಗೆ ರೊಟ್ಟಿ, ಚಟ್ನಿ ಕೊಟ್ಟಳು. ಚಹಾದಲ್ಲಿ ಅದ್ದಿ ತಿಂದ, ಇನ್ನೊಂದು ಕೇಳಿದ. ಮನೆ ಎಲ್ಲಿ ಎಂದು ಅವಳು ವಿಚಾರಿಸಿದಳು. ಅವನು ಹಿಂದಿನ ಆ ಚಕ್ರದ ಮನೆ ತೋರಿಸಿದ. ದಾರಿ ಎಷ್ಟು ಸಮವಾಗುತ್ತದೋ ಅಷ್ಟು ಮನೆ ಮುಂದೆ ಹೋಗುತ್ತದೆ. ಹೆಂಡತಿ? ಉತ್ತರದ ಕಡೆಯ ಊರಿನಲ್ಲಿ. ತಿಂಗಳ ಕೊನೆಗೆ ಹೋಗುತ್ತೇನೆ ಎಂದ. ಎಷ್ಟು ವರ್ಷದಿಂದ ಹೀಗೆ ಎಂದು ಕೇಳಿದಳು. ಇಪ್ಪತ್ತೆರಡು. ಹೆಂಡತಿ ಈಗಲೂ ನಾನು ಹೋದಾಗ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುತ್ತಾಳೆ ಎಂದು ಹೇಳಿ, ಅದು ದೊಡ್ಡ ತಮಾಷೆ ಎಂಬಂತೆ ನಕ್ಕ.

ನನ್ನ ಹೆಂಡತಿ ನನ್ನ ಕಡೆ ನೋಡುತ್ತಾಳೆ ಎಂದುಕೊಂಡೆ. ನೋಡಲಿಲ್ಲ. ಕಪ್ಪು ತೊಳೆಯಲು ಎದ್ದಳು.

ಅವನು ನಮ್ಮ ಎರಡೂ ಕ್ಯಾನು ತುಂಬಿಸಿ ಕಳಿಸಿದ. ಗಾಡಿ ನಾನೇ ಓಡಿಸಿದೆ, ಅರವತ್ತು ದಾಟದ ಹಾಗೆ. ಮೆತ್ತನೆಯ ಟೈರು ಕಲ್ಲಿನ ಮೇಲೆ ನಿಜಕ್ಕೂ ಬಾಗಿ ಬಾಗಿ ಹೋಗುತ್ತಿತ್ತು. ಸ್ಟೇರಿಂಗಿನಲ್ಲಿ ಕೈಗೆ ತಿಳಿಯುತ್ತಿತ್ತು.

“ಗಾಳಿದು ನಂದ ತಪ್ಪ,” ಎಂದೆ.

ಮೂವತ್ತು ವರ್ಷದ ಸಂಸಾರದಲ್ಲಿ ಆ ಮಾತು ಎಷ್ಟು ಸಲ ಹೇಳಿದ್ದೆನೋ. ಒಂದು ಸಲವೂ ಇಲ್ಲವೇನೋ.

“ಸ್ಟೆಪ್ನಿದು?” ಎಂದಳು.

“ಅದೂ.”

“ಅಂಗಡಿ ಮುಂದ ಸಾಲಿನ್ಯಾಗ ನಿಲ್ಲಲಿಲ್ಲ, ಅದು?”

“ಏ, ಸಾಕ ಮಾಡ.”

ಅವಳು ನಕ್ಕು ಕಿತ್ತಳೆ ಸುಲಿಯಲು ತೆಗೆದಳು. ಒಂದು ಏರು ಹತ್ತಿ ಇಳಿದೆವು. ಮುಂದೆ ದಾರಿ ನೆಟ್ಟಗೆ, ಸಪಾಟು. ಬಿಸಿಲು ಇನ್ನೂ ಇತ್ತು, ಆದರೆ ಕಿಟಕಿಯಿಂದ ಬರುವ ಗಾಳಿ ಒಮ್ಮೆಲೇ ತಣ್ಣಗಾಯಿತು. ದೂರದಲ್ಲಿ ಬಿಳಿ ಗೋಡೆ ಕಟ್ಟಿದ ಹಾಗೆ ಮಂಜು ನಿಂತಿತ್ತು. ಅವಳು ಕಿತ್ತಳೆ ಮಡಿಲಿಗೆ ಇಟ್ಟು, ಕನ್ನಡಕ ತೆಗೆದು, ಸೆರಗಿಲ್ಲದ ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡಳು. ಕಣ್ಣು ಒದ್ದೆಯಾಗಿದ್ದವು.

“ಅಜ್ಜಿ ಹೇಳಿದ್ಹಂಗ ಐತ್ರಿ,” ಎಂದಳು.

ಮಂಜಿನ ಒಳಗೆ ಹೊಕ್ಕ ಮೇಲೆ ದೀಪ ಹಾಕಿದೆ. ಏನೂ ಕಾಣದಾಗ ಮಾತಾಡುವುದು ಸುಲಭ. ಮೆಲ್ಬರ್ನ್‌ನಲ್ಲಿ ಬಸ್ ಡಿಪೋ ಯಾವ ಕಡೆ ಇದೆ ಎಂದು ಕೇಳಿದೆ. ಕ್ರಾನ್‌ಬರ್ನ್‌ನಿಂದ ಇಪ್ಪತ್ತು ನಿಮಿಷಕ್ಕೆ ಒಂದಿದೆ, ಮೆಕ್ಯಾನಿಕ್ ಬೇಕಂತೆ, ಫೋರ್‌ಮನ್ ಜಾಗ ಇಲ್ಲವಂತೆ ಎಂದಳು. ಆಗಲೇ ವಿಚಾರಿಸಿ ಇಟ್ಟಿದ್ದಳು. ನಾನು ವೈಪರ್ ಹಾಕಿದೆ. ಬೆಳಗಿನ ಪಾಳಿ ಎಷ್ಟಕ್ಕೆ ಬಿಡುತ್ತದೆ ಎಂದು ಕೇಳಿದೆ. ಎರಡಕ್ಕೆ, ನನ್ನದೂ ಎರಡಕ್ಕೆ ಎಂದಳು.

“ಮಗಳ ಮನ್ಯಾಗ ಮಾತ್ರ ನಾ ಇರಾಂವಲ್ಲ.”

“ನಾ ಯಾವಾಗ ಇರ್ತೀನಿ ಅಂದೆ? ಸದ್ಯಕ್ಕ ಅಂದೆ. ಬಾಡಗಿ ಮನಿ ನೋಡೋಣು ಅನ್ನೂದ್ರಾಗ ನೀವು ತಿಂಗಳಿಗೊಮ್ಮೆ ಬರ್ತೀನಿ ಅಂದ್ರಿ.”

ಹತ್ತು ನಿಮಿಷದಲ್ಲಿ ಮಾತು ಮುಗಿಸುವ ಚಟಕ್ಕೆ ನಾನು ಎಷ್ಟು ಮಾತು ಕೇಳದೆ ಬಿಟ್ಟಿದ್ದೆನೋ. ಆ ದಿನ ಸಮುದ್ರದ ಊರಿಗೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ದಂಡೆಯ ಮೇಲೆ ಸ್ವೆಟರ್ ಹಾಕಿಕೊಂಡು, ಏನೂ ಕಾಣದ ಸಮುದ್ರದ ಮುಂದೆ ಕೂತು, ಮೀನಿನ ಅಂಗಡಿಯಲ್ಲಿ ಕಟ್ಟಿಸಿಕೊಂಡ ಆಲೂಗಡ್ಡೆ ಚಿಪ್ಸ್ ತಿಂದೆವು. ನಾನು ಬರುತ್ತೇನೆ ಎಂದು ಬಾಯಿಬಿಟ್ಟು ಹೇಳಿದ್ದು ಅಲ್ಲಿ. ಅವಳು ಹೂಂ ಎಂದಳು. ಚಿಪ್ಸ್ ಪೊಟ್ಟಣವನ್ನು ನನ್ನ ಕಡೆ ಸರಿಸಿದಳು. ಆ ಕನ್ನಡಕ ನಿನಗೆ ಒಪ್ಪುತ್ತದೆ ಎಂದು ಆಗ ಹೇಳಿದೆ; ಅದಕ್ಕೂ ಹೂಂ ಎಂದಳು.

ಸಿಡ್ನಿಗೆ ತಿರುಗಿ ಬಂದ ಮೇಲೆ ಅವಳು ಮೊದಲು ಹೋದದ್ದು ಆ ಅಜ್ಜಿಯ ಹತ್ತಿರ. ನಾನೂ ಹೋಗಿದ್ದೆ. ಅಜ್ಜಿ ಮಂಜು ಯಾವ ಜಾಗದಲ್ಲಿ ಸಿಕ್ಕಿತು ಎಂದಷ್ಟೇ ಕೇಳಿದಳು. ಏರು ಇಳಿದ ಮೇಲೆ ಎಂದಳು ಇವಳು. ಅಜ್ಜಿ ತಲೆ ಆಡಿಸಿ, ಇವಳ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಊರು ಬಿಡುವ ಸಂಕಟ ನನ್ನ ಹೆಂಡತಿಗೂ ಇತ್ತು ಎನ್ನುವುದು ನನಗೆ ಹೊಳೆದದ್ದು ಅಲ್ಲಿ, ಆ ಕೋಣೆಯ ಬಾಗಿಲಲ್ಲಿ ನಿಂತಾಗ.

ಡಿಪೋದಲ್ಲಿ ನನಗೆ ಬಾರ್ಬೆಕ್ಯೂ ಮಾಡಿ ಬೀಳ್ಕೊಟ್ಟರು. ಈ ವಯಸ್ಸಿನಲ್ಲಿ ಫೋರ್‌ಮನ್‌ಗಿರಿ ಬ್ಯಾಸರಾತೇನು ಅಂಕಲ್ ಎಂದು ಬೆಳಗಾವಿ ಕಡೆಯ ಹುಡುಗನೊಬ್ಬ ಕೆಣಕಿದ. ಹೆಂಡತಿಯ ಪಾಳಿಗೆ ಹೊಂದಿಸಿಕೊಳ್ಳುತ್ತಿದ್ದೇನೆ ಎಂದೆ. ಅವನು ನಂಬಲಿಲ್ಲ.

ಮೆಲ್ಬರ್ನ್‌ನಲ್ಲಿ ಮೊದಲ ಕೆಲವು ವಾರ ಸುಲಭವಿರಲಿಲ್ಲ. ಹೊಸ ಡಿಪೋದ ಸೂಪರ್‌ವೈಸರ್ ನನ್ನ ಮಗಳಿಗಿಂತ ಎರಡು ವರ್ಷ ಸಣ್ಣವಳು. ಮೊದಲ ದಿನ ನಾನು ಬ್ರೇಕು ಬಿಚ್ಚುವ ರೀತಿ ನೋಡಿ ಹಾಗಲ್ಲ ಎಂದಳು. ಮರಳುಗಾಡಿನಲ್ಲಿ ಕೈ ಕಟ್ಟಿ ನಿಂತವನಿಗೆ ಇಲ್ಲಿಯೂ ನಿಲ್ಲುವುದು ಬಂತು. ಅವಳ ರೀತಿಯಲ್ಲಿ ಕೆಲಸ ಬೇಗ ಆಗುತ್ತದೆ, ಅದನ್ನು ಒಪ್ಪಬೇಕು. ಬಾಡಿಗೆಗೆ ಹಿಡಿದ ಸಣ್ಣ ಫ್ಲ್ಯಾಟಿನಲ್ಲಿ, ಇಲ್ಲಿ ಯುನಿಟ್ ಅನ್ನುತ್ತಾರೆ, ಇನ್ನೊಂದು ಬಗೆಯ ಕಷ್ಟ. ಮೂರು ಗಂಟೆಗೆ ಇಬ್ಬರೂ ಮನೆಯಲ್ಲಿ! ಇಬ್ಬರೂ ಅಡುಗೆಮನೆಗೆ ಹೋಗುವುದು, ಇಬ್ಬರೂ ಸಾರಿಗೆ ಉಪ್ಪು ಹಾಕುವುದು. ಒಂದು ವಾರ ಸಾರು ಬಾಯಿಗಿಡುವ ಹಾಗಿರಲಿಲ್ಲ. ಉಪ್ಪು ಯಾರದು ಎಂದು ಜಗಳ ಮಾಡಿದೆವು, ದನಿ ಏರಿಸಿ, ಪಕ್ಕದ ಯುನಿಟ್ಟಿನವರಿಗೆ ಕೇಳುವ ಹಾಗೆ. ಜಗಳಕ್ಕೂ ಕೂಡಿ ಇರಬೇಕಾಗುತ್ತದೆ ಎನ್ನುವುದು ನನಗೆ ಹೊಸ ಸಂಗತಿ.

ಅಕ್ಟೋಬರಿನಲ್ಲಿ ಮೊಮ್ಮಗಳು ಹುಟ್ಟಿದಳು. ತೊಟ್ಟಿಲ ದಿನ ಮಗಳ ಮನೆಯಲ್ಲಿ ಉಂಡೆ. ಸೀರೆ ಕೊಟ್ಟೆ, ಜೋಳದ ಚೀಲ ಮಾತ್ರ ಬಿಟ್ಟೆ. ಅಪ್ಪಾ, ಯು ಕೇಮ್ ಹಂಗ್ರಿ ಟುಡೇ ಎಂದು ಮಗಳು ನಕ್ಕಳು. ಎರಡನೆಯ ಸಲ ಬಡಿಸಿಕೊಂಡದ್ದನ್ನು ನೋಡಿದ್ದಳು.

ಇದನ್ನು ಬರೆಯುತ್ತಿರುವ ಹೊತ್ತಿಗೆ ನನ್ನ ಬಳಿ ಇರುವುದು ಇಷ್ಟು. ಎರಡು ಕೋಣೆಯ ಬಾಡಿಗೆ ಯುನಿಟ್ ಒಂದು. ವಾರಕ್ಕೆ ಐದು ದಿನದ ಕೆಲಸ, ಓವರ್‌ಟೈಮ್ ಇಲ್ಲ. ನೋಯುವ ಮಂಡಿ ಎರಡು. ಮಗಳು ಒಬ್ಬಳು, ಅಳಿಯ ಒಬ್ಬ, ಏಳು ತಿಂಗಳ ಮೊಮ್ಮಗಳು ಒಬ್ಬಳು, ಅವಳಿಗೆ ಎರಡು ಹಲ್ಲು. ಹೆಂಡತಿ ಒಬ್ಬಳು. ದಿನಕ್ಕೆ ಒಂದು ಊಟ, ಸಂಜೆ ಆರೂವರೆಗೆ, ಎರಡು ತಟ್ಟೆ.